ಬೈಕ್ ಮಾರಿ ವರ್ಷವಾದರೂ ಅದರ ಮಾಲೀಕರು ನೀವೇ? ಹಳೆಯ ವಾಹನ ಕೊಳ್ಳುವಾಗ, ಮಾರುವಾಗ ಬೇಕಾದ ಕಾಗದಪತ್ರಗಳು

ನಮ್ಮ ಬಳಗದ ಒಬ್ಬರು ತಮ್ಮ ಹಳೆಯ ಸ್ಕೂಟರನ್ನು ಪರಿಚಯದವರೊಬ್ಬರಿಗೆ ಮಾರಿದ್ದರು. ದುಡ್ಡು ಕೈಗೆ ಬಂತು, ಕೀಲಿ ಕೊಟ್ಟರು, ಸ್ಟಾಂಪ್ ಪೇಪರ್ ಮೇಲೆ ಇಬ್ಬರೂ ಸಹಿ ಹಾಕಿದರು, ಕಾಫಿ ಕುಡಿದು ಬೀಳ್ಕೊಂಡರು. ಒಂದೂವರೆ ವರ್ಷದ ನಂತರ ಅವರ ಮೊಬೈಲಿಗೆ ಸಂದೇಶ ಬಂತು: ಹೆಲ್ಮೆಟ್ ಇಲ್ಲದೆ ಚಾಲನೆ, ದಂಡ ಕಟ್ಟಿ. ಜಾಗ ಅವರು ಎಂದೂ ಕಾಲಿಡದ ಊರು. ಮೊದಲ ಸಲ ನಕ್ಕರು. ಐದನೆಯ ಸಂದೇಶ ಬರುವ ಹೊತ್ತಿಗೆ ನಗು ನಿಂತಿತ್ತು. ಕೊಂಡವರಿಗೆ ಕರೆ ಮಾಡಿದರೆ, "ಅಯ್ಯೋ, ನಾನು ಅದನ್ನು ಆಗಲೇ ಬೇರೆಯವರಿಗೆ ಕೊಟ್ಟೆನಲ್ಲ" ಎಂಬ ಉತ್ತರ.

ಇಂಥ ಕಥೆ ನಿಮ್ಮ ಮನೆಯಲ್ಲೂ ಇರಬಹುದು. ಸ್ನೇಹಿತರು, ನೆಂಟರು, ಪಕ್ಕದ ಮನೆಯವರ ನಡುವೆ ನಡೆಯುವ ಹಳೆಯ ವಾಹನಗಳ ವ್ಯವಹಾರ ನಂಬಿಕೆಯ ಮೇಲೆ ನಡೆಯುತ್ತದೆ. "ಆರ್‌ಸಿ ಆಮೇಲೆ ಮಾಡಿಸಿಕೊಳ್ಳುತ್ತೇನೆ" ಎಂಬ ಮಾತು ಅಲ್ಲಿ ಖಂಡಿತ ಬರುತ್ತದೆ. ಆ 'ಆಮೇಲೆ' ಬಹಳ ಸಲ ಬರುವುದೇ ಇಲ್ಲ. ಕೆಲವು ನೂರು ರೂಪಾಯಿಯ ದಂಡವಷ್ಟೇ ಆಗಿದ್ದರೆ ನಾವು ಇಷ್ಟು ಉದ್ದಕ್ಕೆ ಬರೆಯುತ್ತಿರಲಿಲ್ಲ. ಆ ವಾಹನ ಯಾರಿಗಾದರೂ ಗುದ್ದಿ ಪ್ರಾಣ ಹೋದರೆ ಪರಿಹಾರದ ನೋಟಿಸ್ ಯಾರ ಮನೆಗೆ ಬರುತ್ತದೆ ಎನ್ನುವುದು ಇಲ್ಲಿರುವ ನಿಜವಾದ ಪ್ರಶ್ನೆ.

ಕಾನೂನಿನ ಕಣ್ಣಲ್ಲಿ ಮಾಲೀಕರು ಯಾರು?

1988ರ ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್‌ನ 30ನೇ ಉಪವಿಧಿ ಇದಕ್ಕೆ ನೇರ ಉತ್ತರ ಕೊಡುತ್ತದೆ. ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಮಾಲೀಕರು ಅಪ್ರಾಪ್ತರಾಗಿದ್ದರೆ ಅವರ ಪೋಷಕರು. ವಾಹನ ಸಾಲದ ಒಪ್ಪಂದದ ಅಡಿಯಲ್ಲಿ ಇದ್ದರೆ ಆ ಒಪ್ಪಂದದಂತೆ ವಾಹನವನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರು. ವಿನಾಯಿತಿ ಇಷ್ಟೇ. ದುಡ್ಡು ಕೊಟ್ಟವರು ಯಾರು, ಈಗ ಓಡಿಸುತ್ತಿರುವವರು ಯಾರು, ಕೀಲಿ ಯಾರ ಮನೆಯ ಗೋಡೆಯಲ್ಲಿ ನೇತಾಡುತ್ತಿದೆ ಎಂಬ ಪ್ರಶ್ನೆಗಳನ್ನು ಆ ವ್ಯಾಖ್ಯಾನ ಕೇಳುವುದಿಲ್ಲ.

ಇದು ಎಷ್ಟು ದೂರ ಹೋಗಬಹುದು ಎಂಬುದನ್ನು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ತೋರಿಸುತ್ತದೆ. ಕಾರೊಂದರ ಮಾಲೀಕರು 2007ರಲ್ಲೇ ಅದನ್ನು ಮಾರಿದ್ದರು. ಕೊಂಡವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ದಾಟಿಸಿದರು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಉಳಿಯಿತು. 2009ರ ಮೇ ತಿಂಗಳಲ್ಲಿ ಆ ಕಾರು ಹಿಂದಕ್ಕೆ ಚಲಿಸುವಾಗ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಮಹಿಳೆ ಮತ್ತು ಅವರ ಜೊತೆಗಿದ್ದ ಬಾಲಕನಿಗೆ ಬಡಿಯಿತು. ಬಾಲಕ ತೀರಿಕೊಂಡ. ಪರಿಹಾರ ಕೊಡಬೇಕಾದವರು ಯಾರು ಎಂಬ ಜಗಳ ನ್ಯಾಯಮಂಡಳಿಯಿಂದ ಹೈಕೋರ್ಟಿಗೆ, ಅಲ್ಲಿಂದ ದೆಹಲಿಗೆ ಹೋಯಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದ ತೀರ್ಪಿನ ಪ್ರಕಾರ ಹೊಣೆ ನೋಂದಾಯಿತ ಮಾಲೀಕರದ್ದು, ಅಂದರೆ ಎರಡು ವರ್ಷ ಮೊದಲೇ ಕಾರನ್ನು ಮಾರಿ ಕೈತೊಳೆದುಕೊಂಡಿದ್ದವರದ್ದು.

ಮೇಲ್ನೋಟಕ್ಕೆ ಇದು ಅನ್ಯಾಯ ಎನಿಸುತ್ತದೆ. ಆದರೆ ಮಗುವನ್ನು ಕಳೆದುಕೊಂಡ ಕುಟುಂಬದ ಕಡೆಯಿಂದ ನೋಡಿ. ಅವರ ಕೈಯಲ್ಲಿ ಇರುವುದು ನಂಬರ್ ಪ್ಲೇಟ್ ಒಂದೇ. ಆ ನಂಬರ್ ಹಿಡಿದು ಹೋದರೆ ಸಿಗುವುದು ಒಂದು ಹೆಸರು. ಆ ಹೆಸರಿನವರು ಇನ್ನೊಬ್ಬರನ್ನು, ಅವರು ಮತ್ತೊಬ್ಬರನ್ನು ತೋರಿಸುತ್ತಾ ಹೋದರೆ ಪರಿಹಾರಕ್ಕಾಗಿ ಅವರು ಎಷ್ಟು ಬಾಗಿಲು ತಟ್ಟಬೇಕು? ನೋಂದಣಿಯಾಗದ ವರ್ಗಾವಣೆಗಳ ಜಾಡು ಹಿಡಿದು ಹೋಗುವ ಭಾರವನ್ನು ಸಂತ್ರಸ್ತರ ಮೇಲೆ ಹೊರಿಸಲಾಗದು ಎಂಬುದೇ ನ್ಯಾಯಾಲಯದ ವಾದದ ತಿರುಳು. 2011ರಲ್ಲಿ ಲಾರಿಯೊಂದರ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಇದೇ ದಾರಿ ಹಿಡಿದಿತ್ತು.

ಹಾಗಾದರೆ ಸ್ಟಾಂಪ್ ಪೇಪರಿಗೆ ಬೆಲೆಯೇ ಇಲ್ಲವೇ?

ಇದೆ, ಆದರೆ ಜನ ಅಂದುಕೊಂಡ ಕಡೆ ಇಲ್ಲ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲೆಸಿಹೋಗಿವೆ.

ವಾಹನ ಒಂದು ಚರ ವಸ್ತು. ಮನೆ ಅಥವಾ ಜಮೀನಿನಂತೆ ಅದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ಆಗಬೇಕಿಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಇಬ್ಬರೂ ಯಾವಾಗ ಹಕ್ಕು ದಾಟಬೇಕೆಂದು ಒಪ್ಪಿದ್ದಾರೋ ಆಗ ಅದು ದಾಟುತ್ತದೆ. ಹಣ ಪಡೆದು ವಾಹನ ಒಪ್ಪಿಸಿದರೆ ನಿಮ್ಮ ಮತ್ತು ಕೊಂಡವರ ನಡುವಿನ ಮಾರಾಟ ಅಲ್ಲಿಗೆ ಮುಗಿಯುತ್ತದೆ. ನಾಳೆ ಅವರು "ನಾನು ಕೊಂಡೇ ಇಲ್ಲ" ಎಂದರೆ ಆ ಕರಾರು ಪತ್ರ ನಿಮ್ಮ ಸಾಕ್ಷಿ. ನೀವು ಯಾರದ್ದೋ ಅಪಘಾತಕ್ಕೆ ಪರಿಹಾರ ಕಟ್ಟಬೇಕಾಗಿ ಬಂದರೆ, ಆ ಹಣವನ್ನು ಕೊಂಡವರಿಂದ ಕೇಳಲು ಪ್ರತ್ಯೇಕ ದಾವೆ ಹೂಡುವಾಗಲೂ ಅದೇ ಆಧಾರ.

ಆದರೆ ರಸ್ತೆಯಲ್ಲಿರುವ ಮೂರನೆಯವರಿಗೆ, ಪೊಲೀಸರಿಗೆ, ಸಾರಿಗೆ ಇಲಾಖೆಗೆ ನಿಮ್ಮಿಬ್ಬರ ಕರಾರಿನ ಹಂಗಿಲ್ಲ. ಅವರು ನೋಡುವುದು ಇಲಾಖೆಯ ದಾಖಲೆಯನ್ನು. ನೋಟರಿ ಮುದ್ರೆ ಹಾಕಿಸಿದರೂ, ಸ್ಟಾಂಪ್ ಪೇಪರಿನ ಬೆಲೆ ಹೆಚ್ಚಿಸಿದರೂ ಈ ಸ್ಥಿತಿ ಬದಲಾಗುವುದಿಲ್ಲ. ಅಪ್ರಾಪ್ತ ಹುಡುಗನೊಬ್ಬ ನಿಮ್ಮ ಹಳೆಯ ಬೈಕ್ ಓಡಿಸಿ ಅಪರಾಧ ಎಸಗಿದರೆ 2019ರ ತಿದ್ದುಪಡಿಯಲ್ಲಿ ಬಂದ 199ಎ ಸೆಕ್ಷನ್ ಪೋಷಕರ ಜೊತೆಗೆ ವಾಹನದ ಮಾಲೀಕರನ್ನೂ ಹೊಣೆ ಮಾಡುತ್ತದೆ. ಅದರಲ್ಲಿ ಮೂರು ವರ್ಷದವರೆಗಿನ ಸೆರೆವಾಸ, 25,000 ರೂಪಾಯಿ ದಂಡಕ್ಕೆ ಅವಕಾಶವಿದೆ. ತನಗೆ ತಿಳಿಯದೆ ನಡೆಯಿತು ಎಂದು ಸಾಬೀತುಪಡಿಸಿ ಪಾರಾಗಬಹುದು. ಆದರೆ ಅದನ್ನು ಸಾಬೀತುಪಡಿಸಲು ನೀವೇ ಓಡಾಡಬೇಕು. ಅಪರಾಧದ ಹೊತ್ತಿನಲ್ಲಿ ಓಡಿಸುತ್ತಿದ್ದವರು ಯಾರು ಎಂದು ಪೊಲೀಸರು ಕೇಳಿದರೆ ಮಾಹಿತಿ ಕೊಡುವ ಕರ್ತವ್ಯವೂ 133ನೇ ಸೆಕ್ಷನ್ ಪ್ರಕಾರ ಮಾಲೀಕರದ್ದೇ.

ಆದ್ದರಿಂದ ಕರಾರು ಪತ್ರ ಬರೆಯಿರಿ, ಅಲ್ಲಿಗೇ ನಿಲ್ಲಬೇಡಿ. ಬರೆಯುವಾಗ ನೋಂದಣಿ ಸಂಖ್ಯೆ, ಚಾಸಿ ಮತ್ತು ಎಂಜಿನ್ ಸಂಖ್ಯೆ, ಬೆಲೆ, ಹಣ ಸಂದಾಯವಾದ ಬಗೆ, ಇಬ್ಬರ ವಿಳಾಸ ಇರಲಿ. ಜನ ಮರೆಯುವುದು ಹಸ್ತಾಂತರದ ಸಮಯವನ್ನು. "ಇಂಥ ದಿನ ಸಂಜೆ 5.30ಕ್ಕೆ ವಾಹನ ಒಪ್ಪಿಸಲಾಗಿದೆ" ಎಂದು ಬರೆದಿದ್ದರೆ, ಅದೇ ರಾತ್ರಿ ಏನಾದರೂ ನಡೆದಾಗ ಆ ಒಂದು ಸಾಲು ಬಹಳ ಕೆಲಸ ಮಾಡುತ್ತದೆ. ವಾಹನದ ಜೊತೆ ಕೊಂಡವರ ಒಂದು ಫೋಟೋ ತೆಗೆದು, ಅವರ ಗುರುತಿನ ಚೀಟಿಯ ಪ್ರತಿಯನ್ನು ಇಟ್ಟುಕೊಳ್ಳುವುದರಲ್ಲಿ ಸಂಕೋಚ ಬೇಡ.

ಫಾರ್ಮ್ 29, ಫಾರ್ಮ್ 30

ಕಾಯ್ದೆಯ 50ನೇ ಸೆಕ್ಷನ್ ಇಬ್ಬರಿಗೂ ಗಡುವು ಹಾಕಿದೆ. ವಾಹನ ಅದೇ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಮಾರಿದವರು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ತಾವು ವಾಸಿಸುವ ವ್ಯಾಪ್ತಿಯ ಆರ್‌ಟಿಒಗೆ ಅರ್ಜಿ ಸಲ್ಲಿಸಬೇಕು. ಮಾರಿದವರು ತಿಳಿಸುವ ಕಾಗದ ಫಾರ್ಮ್ 29. ವರ್ಗಾವಣೆಗೆ ಹಾಕುವ ಅರ್ಜಿ ಫಾರ್ಮ್ 30. ಅದರಲ್ಲಿ ಇಬ್ಬರ ಸಹಿಗೂ ಜಾಗವಿದೆ. ಇವೆರಡೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಭಾಗವಾದ್ದರಿಂದ ಬೀದರಿನಲ್ಲೂ ಚಾಮರಾಜನಗರದಲ್ಲೂ, ಕಾಸರಗೋಡಿನಲ್ಲೂ ಸೊಲ್ಲಾಪುರದಲ್ಲೂ ಒಂದೇ.

ಇಲ್ಲೊಂದು ತಪ್ಪು ಕಲ್ಪನೆ ಬೇರೂರಿದೆ: ವರ್ಗಾವಣೆ ಕೊಂಡವರ ಕೆಲಸ, ಮಾರಿದವರಿಗೆ ಅದರ ಉಸಾಬರಿ ಏಕೆ? ಹೊಸ ಆರ್‌ಸಿ ಕೊಂಡವರ ಹೆಸರಿಗೆ ಬರುತ್ತದೆ, ಶುಲ್ಕವನ್ನೂ ಸಾಮಾನ್ಯವಾಗಿ ಅವರೇ ಕಟ್ಟುತ್ತಾರೆ, ನಿಜ. ಆದರೆ ಕೆಲಸ ಆಗದಿದ್ದರೆ ಸಿಕ್ಕಿಬೀಳುವವರು ಮಾರಿದವರು. ಹೆಚ್ಚು ಕಳೆದುಕೊಳ್ಳುವವರೇ ಹೆಚ್ಚು ಬೆನ್ನು ಹತ್ತಬೇಕು. ಫಾರ್ಮ್ 29ನ್ನು ಮಾರಿದವರೇ ಸಲ್ಲಿಸಿ, ಸ್ವೀಕೃತಿ ಪಡೆದು, ಒಂದು ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿ ಇಡುವುದು ನಮ್ಮ ಮಟ್ಟಿಗೆ ಇಡೀ ವ್ಯವಹಾರದ ಅತಿ ಮುಖ್ಯ ಕೆಲಸ.

ಅರ್ಜಿಯ ಜೊತೆ ಮೂಲ ಆರ್‌ಸಿ, ಚಾಲ್ತಿಯಲ್ಲಿರುವ ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ, ಕೊಂಡವರ ವಿಳಾಸದ ದಾಖಲೆ, ಪ್ಯಾನ್ ಅಥವಾ ಅದಿಲ್ಲದವರಿಗೆ ಫಾರ್ಮ್ 60, ಫೋಟೋ ಬೇಕಾಗುತ್ತವೆ. ಕೇಂದ್ರ ನಿಯಮದಲ್ಲಿ ವರ್ಗಾವಣೆ ಶುಲ್ಕ ನೋಂದಣಿ ಶುಲ್ಕದ ಅರ್ಧ, ಅಂದರೆ ದ್ವಿಚಕ್ರ ವಾಹನಕ್ಕೆ ಕೆಲವೇ ನೂರು ರೂಪಾಯಿಯ ವ್ಯವಹಾರ. ಸ್ಮಾರ್ಟ್ ಕಾರ್ಡ್ ಶುಲ್ಕ ಬೇರೆ. ಇದಕ್ಕಾಗಿ ಮಧ್ಯವರ್ತಿಗಳು ಕೇಳುವ ಮೊತ್ತವನ್ನೂ ಸರ್ಕಾರಿ ರಸೀದಿಯಲ್ಲಿರುವ ಮೊತ್ತವನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ.

ಈಗ ಪರಿವಾಹನ್ ಜಾಲತಾಣದಲ್ಲೇ ಅರ್ಜಿ ತುಂಬಬಹುದು. 2021ರ ಮಾರ್ಚ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಆಧಾರ್ ದೃಢೀಕರಣದ ಮೂಲಕ ಮನೆಯಿಂದಲೇ ಪಡೆಯಬಹುದಾದ 18 ಸೇವೆಗಳನ್ನು ಪ್ರಕಟಿಸಿದಾಗ ಮಾಲೀಕತ್ವ ವರ್ಗಾವಣೆಯ ಸೂಚನೆ ಮತ್ತು ಅರ್ಜಿ ಎರಡೂ ಆ ಪಟ್ಟಿಯಲ್ಲಿದ್ದವು. ಇಲ್ಲಿ ಒಂದು ಸಣ್ಣ ಮುಳ್ಳು: ಒಟಿಪಿ ಬರುವುದು ವಾಹನದ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆಗೆ. ಹತ್ತು ವರ್ಷದ ಹಿಂದೆ ಬೈಕ್ ಕೊಳ್ಳುವಾಗ ಶೋರೂಮಿನವರು ಯಾವ ಸಂಖ್ಯೆ ಬರೆದಿದ್ದರೋ ಯಾರಿಗೆ ನೆನಪಿದೆ? ಗಿರಾಕಿ ಹುಡುಕುವ ಮೊದಲೇ ಆ ಸಂಖ್ಯೆಯನ್ನು ಸರಿಪಡಿಸಿಕೊಂಡರೆ ಕೊನೆಯ ಗಳಿಗೆಯ ಪೇಚಾಟ ತಪ್ಪುತ್ತದೆ.

ಅರ್ಜಿ ಹಾಕಿದ ಮೇಲೆ ಸುಮ್ಮನಿರಬೇಡಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಿಮ್ಮ ಹಳೆಯ ವಾಹನದ ಸಂಖ್ಯೆ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮರೆಮಾಡಿ ತೋರಿಸಿದರೂ ಅದು ನಿಮ್ಮ ಹೆಸರೋ ಬೇರೆಯವರದ್ದೋ ಎಂಬುದು ಗೊತ್ತಾಗುತ್ತದೆ. ಹೆಸರು ಬದಲಾದ ದಿನ ನಿಮ್ಮ ಹೊಣೆ ಮುಗಿದ ದಿನ.

ಖಾಲಿ ಫಾರ್ಮಿಗೆ ಸಹಿ

ದಲ್ಲಾಳಿಗಳಿಗೆ ಮಾರುವಾಗ ಒಂದು ರೂಢಿ ಇದೆ. ಫಾರ್ಮ್ 29 ಮತ್ತು 30ರಲ್ಲಿ ಕೊಳ್ಳುವವರ ಹೆಸರು, ದಿನಾಂಕ ಖಾಲಿ ಬಿಟ್ಟು ಮಾರಾಟಗಾರರ ಸಹಿ ಮಾತ್ರ ತೆಗೆದುಕೊಳ್ಳುತ್ತಾರೆ. ಗಿರಾಕಿ ಸಿಕ್ಕಾಗ ನೇರ ಅವರ ಹೆಸರಿಗೆ ವರ್ಗಾಯಿಸಿದರೆ ನಡುವಿನ ಒಂದು ವರ್ಗಾವಣೆ ಉಳಿಯುತ್ತದೆ ಎಂಬ ಲೆಕ್ಕ. ದಲ್ಲಾಳಿಗೆ ಇದು ಅನುಕೂಲ. ನಿಮಗೆ ಇದರ ಅರ್ಥ ಏನೆಂದರೆ, ವಾಹನ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಿಮ್ಮ ಹೆಸರಿನಲ್ಲೇ ಯಾರ್ಯಾರದೋ ಕೈಯಲ್ಲಿ ಟೆಸ್ಟ್ ಡ್ರೈವ್ ಹೋಗುತ್ತಿರುತ್ತದೆ.

ಈ ತೂತನ್ನು ಮುಚ್ಚಲು 2022ರ ಡಿಸೆಂಬರ್‌ನಲ್ಲಿ ಕೇಂದ್ರ ನಿಯಮಗಳಿಗೆ ತಿದ್ದುಪಡಿ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರಂತೆ ಹಳೆಯ ವಾಹನಗಳ ವ್ಯಾಪಾರಿ ಸಾರಿಗೆ ಇಲಾಖೆಯಿಂದ ಅಧಿಕಾರಪತ್ರ ಪಡೆಯಬೇಕು. ನೀವು ಅಂಥ ವ್ಯಾಪಾರಿಗೆ ವಾಹನ ಒಪ್ಪಿಸಿದಾಗ ಫಾರ್ಮ್ 29ಸಿ ಮೂಲಕ ಆನ್‌ಲೈನಿನಲ್ಲಿ ಇಲಾಖೆಗೆ ತಿಳಿಸಬೇಕು. ಆಮೇಲೆ ಆ ವ್ಯಾಪಾರಿಯನ್ನೇ ವಾಹನದ ಮಾಲೀಕರೆಂದು ಭಾವಿಸಲಾಗುತ್ತದೆ. ನಿಮ್ಮ ವಾಹನ ಕೊಳ್ಳಲು ಬಂದವರು 29ಸಿ ಎಂದರೆ ಏನೆಂದು ಕೇಳಿದರೆ, ಬೇರೆ ಅಂಗಡಿ ನೋಡಿ.

ಕೊಳ್ಳುವವರು ನೋಡಬೇಕಾದದ್ದು

ಎಂಜಿನ್ ಸದ್ದು, ಟಯರು, ಬಣ್ಣ ನೋಡಲು ನಮ್ಮಲ್ಲಿ ಎಲ್ಲರೂ ಪರಿಣತರೇ. ಚಾಸಿ ಸಂಖ್ಯೆ ನೋಡುವವರು ಕಡಿಮೆ. ವಾಹನದ ಮೇಲೆ ಕೆತ್ತಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಯನ್ನು ಆರ್‌ಸಿಯಲ್ಲಿರುವುದರ ಜೊತೆ ಒಂದೊಂದೇ ಅಕ್ಷರವಾಗಿ ಹೋಲಿಸಿ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ. ಸಂಖ್ಯೆಯ ಸುತ್ತ ಉಜ್ಜಿದ, ಹೊಸದಾಗಿ ಬಣ್ಣ ಬಳಿದ ಗುರುತು ಇದ್ದರೆ ಅಲ್ಲಿಗೇ ವ್ಯವಹಾರ ನಿಲ್ಲಿಸಿ. ಕದ್ದ ವಾಹನವೆಂದು ದೂರು ದಾಖಲಾಗಿದೆಯೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಜಾಲತಾಣದಲ್ಲಿ ಚಾಸಿ, ಎಂಜಿನ್ ಸಂಖ್ಯೆ ಕೊಟ್ಟು ಪರಿಶೀಲಿಸಬಹುದು. ಕದ್ದ ಮಾಲು ಎಂದು ತಿಳಿದು ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ. ತಿಳಿಯದೆ ಕೊಂಡರೂ ವಾಹನ ಮೂಲ ಮಾಲೀಕರಿಗೆ ಹೋಗುತ್ತದೆ, ದುಡ್ಡು ನೀರಿಗೆ.

ಎರಡನೆಯದು ಸಾಲ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಹೆಸರು ಇದ್ದರೆ 51ನೇ ಸೆಕ್ಷನ್ ಪ್ರಕಾರ ಆ ಸಂಸ್ಥೆಯ ಲಿಖಿತ ಒಪ್ಪಿಗೆ ಇಲ್ಲದೆ ವರ್ಗಾವಣೆ ನಮೂದಾಗದು. "ಸಾಲ ತೀರಿ ಮೂರು ವರ್ಷವಾಯಿತು" ಎಂಬ ಮಾತು ನಿಜವೇ ಇರಬಹುದು. ಆದರೆ ಸಾಲ ತೀರಿದ ಕೂಡಲೇ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಬ್ಯಾಂಕ್ ಸಹಿ ಮಾಡಿದ ಫಾರ್ಮ್ 35 ಸಲ್ಲಿಸಿ ಅದನ್ನು ತೆಗೆಸಬೇಕು. ಬ್ಯಾಂಕಿನ ಪತ್ರಕ್ಕೆ ಸಾಮಾನ್ಯವಾಗಿ ಕೆಲವು ತಿಂಗಳ ಅವಧಿ ಇರುತ್ತದೆ. ಬೀರುವಿನಲ್ಲಿಟ್ಟು ಮರೆತರೆ ಹೊಸದಕ್ಕೆ ಮತ್ತೆ ಅಲೆಯಬೇಕು. ಸಾಲ ಕೊಟ್ಟ ಸಂಸ್ಥೆ ಮತ್ತೊಂದರಲ್ಲಿ ವಿಲೀನವಾಗಿದ್ದರೆ ಅಲೆದಾಟ ಇನ್ನೂ ಹೆಚ್ಚು. ಮಾರುವ ಯೋಚನೆ ಇಲ್ಲದಿದ್ದರೂ ಸಾಲ ತೀರಿದ ತಿಂಗಳೇ ಈ ಕೆಲಸ ಮುಗಿಸಿಕೊಳ್ಳಿ.

ಉಳಿದವು ಬೇಗ ಮುಗಿಯುತ್ತವೆ. ಬಾಕಿ ದಂಡ ಎಷ್ಟಿದೆ ನೋಡಿ. ಕರ್ನಾಟಕದಲ್ಲಿ 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಕಂಡ ಉದ್ದುದ್ದ ಸಾಲುಗಳು ಜನ ಎಷ್ಟು ಬಾಕಿ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಸಾಕ್ಷಿ. ಸ್ವಂತ ಬಳಕೆಯ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಆದ್ದರಿಂದ 14 ವರ್ಷದ ಗಾಡಿ ಅಗ್ಗಕ್ಕೆ ಸಿಕ್ಕರೆ ಮುಂದಿನ ವರ್ಷದ ಖರ್ಚನ್ನೂ ಬೆಲೆಗೆ ಸೇರಿಸಿ. 2019ರ ಏಪ್ರಿಲ್ 1ಕ್ಕಿಂತ ಹಿಂದಿನ ವಾಹನವಾದರೆ ಎಚ್‌ಎಸ್‌ಆರ್‌ಪಿ ಫಲಕ ಇದೆಯೇ ನೋಡಿ. ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಈ ಫಲಕ ಇಲ್ಲದ ವಾಹನಗಳಿಗೆ ಮಾಲೀಕತ್ವ ವರ್ಗಾವಣೆಯಂಥ ಸೇವೆ ಸಿಗದು ಎಂದು ಹೇಳಿತ್ತು. ಗಡುವು ಮಾತ್ರ ಮತ್ತೆ ಮತ್ತೆ ಮುಂದೆ ಹೋಯಿತು. ಕಾರಾದರೆ ಫಾಸ್ಟ್ಯಾಗ್ ವಿಷಯ ಮರೆಯಬೇಡಿ. ಅದು ಮಾರಾಟಗಾರರ ಖಾತೆಗೆ ಅಂಟಿಕೊಂಡಿರುತ್ತದೆ. ಮಾರಿದವರು ಅದನ್ನು ಮುಚ್ಚದಿದ್ದರೆ ಕೊಂಡವರ ತಿರುಪತಿ ಯಾತ್ರೆಯ ಟೋಲ್ ಅವರ ಜೇಬಿನಿಂದ ಹೋಗುತ್ತದೆ.

ವಿಮೆ: ಅರ್ಧ ತಾನಾಗಿ ದಾಟುತ್ತದೆ, ಅರ್ಧ ದಾಟುವುದಿಲ್ಲ

"ಇನ್ಶೂರೆನ್ಸ್ ಇನ್ನೂ ಎಂಟು ತಿಂಗಳು ಇದೆ" ಎಂಬುದು ಮಾರಾಟದ ಜಾಹೀರಾತುಗಳ ಪ್ರಿಯ ಸಾಲು. ಅದನ್ನು ನಂಬಿ ನಿಶ್ಚಿಂತರಾಗುವವರು ಸ್ವಲ್ಪ ನಿಲ್ಲಬೇಕು.

ವಾಹನ ವಿಮೆಯಲ್ಲಿ ಮೂರು ಪದರಗಳಿವೆ ಎಂದುಕೊಳ್ಳಿ. ಮೊದಲನೆಯದು ಥರ್ಡ್ ಪಾರ್ಟಿ: ನಿಮ್ಮ ವಾಹನದಿಂದ ಇತರರಿಗೆ ಆಗುವ ಹಾನಿಗೆ. 157ನೇ ಸೆಕ್ಷನ್ ಪ್ರಕಾರ ವಾಹನ ವರ್ಗಾವಣೆಯಾದ ದಿನದಿಂದಲೇ ಈ ಭಾಗ ಕೊಂಡವರಿಗೆ ದಾಟಿದಂತೆ. ಕೊಂಡವರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಿ ಹೆಸರು ಬದಲಿಸಿಕೊಳ್ಳಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ, ಕಾರುಗಳಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದ್ದರಿಂದ ಈ ಭಾಗ ಚಾಲ್ತಿಯಲ್ಲಿದ್ದು ಉಳಿದದ್ದು ಮುಗಿದುಹೋಗಿರುವ ವಾಹನಗಳೂ ಬಹಳ ಇವೆ. ಪಾಲಿಸಿಯಲ್ಲಿ ಎರಡು ಬೇರೆ ಬೇರೆ ಕೊನೆಯ ದಿನಾಂಕ ಇದೆಯೇ ಎಂದು ನೋಡಿ.

ಎರಡನೆಯದು ಸ್ವಂತ ವಾಹನಕ್ಕೆ ಆಗುವ ಹಾನಿ ಮತ್ತು ಕಳವು. ಇದು ತಾನಾಗಿ ದಾಟುವುದಿಲ್ಲ. 157ನೇ ಸೆಕ್ಷನ್ ಥರ್ಡ್ ಪಾರ್ಟಿ ಅಪಾಯಕ್ಕೆ ಮಾತ್ರ ಸೀಮಿತ, ಸ್ವಂತ ಹಾನಿಗೆ ವಿಮಾ ಕಂಪನಿಯ ಒಪ್ಪಿಗೆ ಬೇಕು ಎಂದು ಸುಪ್ರೀಂ ಕೋರ್ಟ್ 1990ರ ದಶಕದಲ್ಲೇ ಹೇಳಿದೆ. ಕೊಂಡ ತಿಂಗಳಿಗೆ ಬೈಕ್ ಕಳವಾದರೆ, ಪಾಲಿಸಿ ಹಳೆಯ ಮಾಲೀಕರ ಹೆಸರಿನಲ್ಲಿದ್ದರೆ, ವಾಹನ ಅವರದ್ದಲ್ಲ, ಪಾಲಿಸಿ ನಿಮ್ಮದಲ್ಲ. ಕ್ಲೇಮ್ ತಿರಸ್ಕೃತವಾಗಲು ಇಷ್ಟು ಸಾಕು.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಮಾಲೀಕ-ಚಾಲಕರ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯ ಮೊತ್ತ 15 ಲಕ್ಷ ರೂಪಾಯಿ. ಅದು ಸಿಗುವುದು ವಾಹನದ ನೋಂದಾಯಿತ ಮಾಲೀಕರಾಗಿದ್ದು, ಪಾಲಿಸಿಯಲ್ಲಿ ಹೆಸರಿದ್ದು, ಚಾಲನಾ ಪರವಾನಗಿ ಇರುವವರಿಗೆ. ವರ್ಗಾವಣೆ ಮಾಡಿಸಿಕೊಳ್ಳದೆ ಹಳೆಯ ಬೈಕ್ ಓಡಿಸುತ್ತಾ, ಬೇರೆ ವಾಹನದ ತಂಟೆಯಿಲ್ಲದೆ ತಾವೇ ಜಾರಿ ಬಿದ್ದು ಕೊಂಡವರು ತೀರಿಕೊಂಡರೆ ಮನೆಯವರಿಗೆ ಈ ಹಣ ಸಿಗುವುದಿಲ್ಲ. ಆರ್‌ಟಿಒ ಓಡಾಟ ಬೇಸರ ಎಂದು ಮುಂದೂಡುವವರು ಪಣಕ್ಕಿಡುವುದು ಇದನ್ನೇ. ದುಡಿಯುವ ಹುಡುಗನೊಬ್ಬ ಅಗ್ಗದ ಬೈಕ್ ಕೊಂಡು ಡೆಲಿವರಿ ಕೆಲಸಕ್ಕೆ ಇಳಿಯುವ ಈ ಕಾಲದಲ್ಲಿ ಇದನ್ನು ಅವನಿಗೆ ಹೇಳುವವರು ಬೇಕು. ಅವನಿಗೆ ಇನ್ನೊಂದು ಮಾತನ್ನೂ ಹೇಳಬೇಕು: ಸ್ವಂತ ಬಳಕೆಗೆಂದು ಮಾಡಿಸಿದ ಪಾಲಿಸಿಯ ಷರತ್ತುಗಳು ಬಾಡಿಗೆ, ಸಾಗಣೆ ಕೆಲಸಕ್ಕೆ ಹೊಂದುತ್ತವೆಯೇ ಎಂದು ಕೇಳಿ ತಿಳಿದುಕೊಳ್ಳಲಿ.

ಮಾರುವವರಿಗೆ ಒಂದು ಸಿಹಿ ಸುದ್ದಿ. ಕ್ಲೇಮ್ ಮಾಡದೆ ಗಳಿಸಿದ ನೋ ಕ್ಲೇಮ್ ಬೋನಸ್ ವಾಹನಕ್ಕೆ ಸೇರಿದ್ದಲ್ಲ, ನಿಮಗೆ ಸೇರಿದ್ದು. ಅದು ಶೇ 20ರಿಂದ ಶುರುವಾಗಿ ಶೇ 50ರವರೆಗೆ ಏರುತ್ತದೆ. ಮಾರಿದ ಮೇಲೆ ವಿಮಾ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ವಾಹನಕ್ಕೆ ಬಳಸಿಕೊಳ್ಳಬಹುದು. ಕೊಂಡವರು ಪಾಲಿಸಿ ವರ್ಗಾಯಿಸಿಕೊಳ್ಳುವಾಗ ಆ ರಿಯಾಯಿತಿಯ ವ್ಯತ್ಯಾಸವನ್ನು ಕಟ್ಟಬೇಕಾಗುತ್ತದೆ. ಇದು ಕಂಪನಿಯ ಮೋಸ ಎಂದು ಜಗಳ ಕಾಯುವ ಅಗತ್ಯವಿಲ್ಲ.

ಹೊರರಾಜ್ಯದ ವಾಹನ

ದೆಹಲಿ ಕಡೆಯ ಕಾರುಗಳು ಅಗ್ಗ ಎಂಬ ಮಾತು ಕೇಳಿರುತ್ತೀರಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಬಂದ ನಿರ್ಬಂಧವೂ ಅದಕ್ಕೊಂದು ಕಾರಣ. ಅಂಥದ್ದನ್ನು ಇಲ್ಲಿಗೆ ತಂದರೆ ಮೊದಲು ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು. ಅದನ್ನು ಮಾರಿದವರ ಸಹಕಾರವಿಲ್ಲದೆ ಪಡೆಯುವುದು ಕಷ್ಟ. ಪೂರ್ತಿ ದುಡ್ಡು ಕೊಡುವ ಮೊದಲೇ ಅದು ಕೈಗೆ ಬರಲಿ. ಹೊರರಾಜ್ಯದ ವಾಹನದ ವರ್ಗಾವಣೆಯಲ್ಲಿ ಮಾರಿದವರಿಗೆ 45 ದಿನಗಳ ಕಾಲಾವಕಾಶವಿದೆ. ವಾಹನ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದರೆ ಆ ರಾಜ್ಯದ ಸಂಖ್ಯೆ ಪಡೆಯಬೇಕು ಎನ್ನುತ್ತದೆ 47ನೇ ಸೆಕ್ಷನ್.

ಜೇಬಿಗೆ ನಿಜವಾದ ಪೆಟ್ಟು ತೆರಿಗೆಯಲ್ಲಿದೆ. ಕರ್ನಾಟಕದಲ್ಲಿ ಜೀವಾವಧಿ ತೆರಿಗೆಯನ್ನು ವಾಹನದ ವಯಸ್ಸಿಗೆ ತಕ್ಕಂತೆ ಇಲ್ಲಿ ಮತ್ತೆ ಕಟ್ಟಬೇಕು. ಮೊದಲು ಕಟ್ಟಿದ ರಾಜ್ಯದಿಂದ ಉಳಿದ ಅವಧಿಯ ತೆರಿಗೆ ಮರಳಿ ಕೇಳಬಹುದಾದರೂ ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ತಾಳ್ಮೆ ಬೇಕು. ಕರ್ನಾಟಕದೊಳಗಿನ ವ್ಯವಹಾರಕ್ಕೆ ಈ ತಾಪತ್ರಯವಿಲ್ಲ. ಮಂಗಳೂರಿನ ಕೆಎ-19 ಗಾಡಿಯನ್ನು ಹುಬ್ಬಳ್ಳಿಯವರು ಕೊಂಡರೂ ಅದು ಕೆಎ-19 ಆಗಿಯೇ ಉಳಿಯುತ್ತದೆ, ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ.

ತೆರಿಗೆಯ ಮಾತು ಬಂದಿದ್ದರಿಂದ ಒಂದು ಗಾಳಿಸುದ್ದಿ. 2024ರ ಡಿಸೆಂಬರ್‌ನಲ್ಲಿ ಜೈಸಲ್ಮೇರಿನಲ್ಲಿ ನಡೆದ ಜಿಎಸ್‌ಟಿ ಮಂಡಳಿಯ ಸಭೆಯ ನಂತರ "ಹಳೆಯ ಕಾರು ಮಾರಿದರೆ ಶೇ 18 ತೆರಿಗೆ" ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ಆ ತೆರಿಗೆ ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ಕೊಂಡು ಮಾರುವಾಗ ಗಳಿಸುವ ಅಂತರದ ಮೇಲೆ. ನೀವು ನಿಮ್ಮ ಸ್ವಂತ ವಾಹನವನ್ನು ಪಕ್ಕದ ಮನೆಯವರಿಗೆ ಮಾರಿದರೆ ಜಿಎಸ್‌ಟಿ ಇಲ್ಲ. ಹಾಗೆಂದು ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಬೆಲೆಯನ್ನು ನಗದಾಗಿ ತೆಗೆದುಕೊಳ್ಳಬೇಡಿ. ಆದಾಯ ತೆರಿಗೆ ಕಾನೂನು ಅದನ್ನು ನಿಷೇಧಿಸಿದೆ.

ಮಾಲೀಕರು ತೀರಿಕೊಂಡಿದ್ದರೆ

ಅಪ್ಪನ ಸ್ಕೂಟರ್ ಮೂಲೆಯಲ್ಲಿ ನಿಂತಿದೆ, ಅಪ್ಪ ಇಲ್ಲ, ಮಾರಬೇಕು. ಫಾರ್ಮ್ 29ರಲ್ಲಿ ಸಹಿ ಹಾಕಬೇಕಾದವರೇ ಇಲ್ಲವಲ್ಲ. ಮನೆಯವರು ಯಾರೋ ಅಪ್ಪನ ಸಹಿ ಹಾಕಿ ಕೊಟ್ಟುಬಿಡುವುದೂ ನಡೆಯುತ್ತದೆ. ಅದು ನಕಲಿ ಸಹಿ, ಕ್ರಿಮಿನಲ್ ಅಪರಾಧ. ನಿಯಮದ ದಾರಿ ಬೇರೆ ಇದೆ: ವಾರಸುದಾರರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳ ಕಾಲ ವಾಹನವನ್ನು ತಮ್ಮದೇ ಎಂಬಂತೆ ಬಳಸಬಹುದು. ಅಷ್ಟರೊಳಗೆ ಫಾರ್ಮ್ 31ರಲ್ಲಿ ಮರಣ ಪ್ರಮಾಣಪತ್ರ, ವಾರಸು ದಾಖಲೆಗಳೊಂದಿಗೆ ಅರ್ಜಿ ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆ ಮಾರಾಟ. ಹಲವು ವಾರಸುದಾರರಿದ್ದರೆ ಉಳಿದವರ ಒಪ್ಪಿಗೆಯನ್ನೂ ಕೇಳುತ್ತಾರೆ. ಈಗ ವಾಹನಕ್ಕೆ ನಾಮಿನಿ ಹೆಸರಿಸಲೂ ಅವಕಾಶವಿದೆ.

ಮಾರಿ ವರ್ಷಗಳಾಗಿವೆ, ವರ್ಗಾವಣೆ ಆಗಿಲ್ಲ. ಈಗ?

ನಮಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇದೇ. ಮೊದಲು ಎಂಪರಿವಾಹನ್‌ನಲ್ಲಿ ಈಗಿನ ಸ್ಥಿತಿ ನೋಡಿ: ಹೆಸರು, ವಿಮೆಯ ಕೊನೆಯ ದಿನ, ಬಾಕಿ ದಂಡ. ವಿಮೆ ಮುಗಿದಿದ್ದರೆ ವಿಷಯ ತುರ್ತಿನದು. ವಿಮೆ ಇಲ್ಲದ ವಾಹನ ಅಪಘಾತ ಮಾಡಿದರೆ ಪರಿಹಾರ ನೇರ ಮಾಲೀಕರ ಆಸ್ತಿಯ ಮೇಲೆ ಬರುತ್ತದೆ. ಕೊಂಡವರು ಸಿಕ್ಕರೆ ಜೊತೆಗೆ ಕೂತು ಅರ್ಜಿ ತುಂಬಿ. ತಡವಾಗಿದ್ದಕ್ಕೆ ದಂಡ ಕಟ್ಟಬೇಕಾದರೂ ಅದೇ ಅಗ್ಗದ ದಾರಿ. ಆ ದಂಡದ ಅರ್ಧವನ್ನು ನೀವೇ ಕೊಟ್ಟು ಮುಗಿಸಿಕೊಂಡರೂ ನಷ್ಟವಿಲ್ಲ.

ಕೊಂಡವರು ಸಿಗದಿದ್ದರೆ, ಕರಾರು ಪತ್ರ, ಬ್ಯಾಂಕ್ ಜಮೆಯ ವಿವರ, ಹಳೆಯ ವಾಟ್ಸ್ಆ್ಯಪ್ ಮಾತುಕತೆಯ ಪ್ರತಿಗಳೊಂದಿಗೆ ಫಾರ್ಮ್ 29ನ್ನು ಆರ್‌ಟಿಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಖುದ್ದಾಗಿ ಕೊಡಲಾಗದಿದ್ದರೆ ಸ್ವೀಕೃತಿ ಬರುವಂತೆ ಅಂಚೆಯಲ್ಲಿ ಕಳಿಸಿ. ಕೊಂಡವರ ಕೊನೆಯ ವಿಳಾಸಕ್ಕೂ ಒಂದು ನೋಟಿಸ್ ಹೋಗಲಿ. ದಂಡದ ಸಂದೇಶಗಳು ಬರುತ್ತಿದ್ದರೆ ಅವುಗಳಲ್ಲಿರುವ ಫೋಟೋ ಉಳಿಸಿಕೊಳ್ಳಿ; ಈಗ ಓಡಿಸುತ್ತಿರುವವರು ಯಾರು, ಯಾವ ಊರಿನಲ್ಲಿದ್ದಾರೆ ಎಂಬುದಕ್ಕೆ ಅದೇ ಸುಳಿವು. ಆ ಊರಿನ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡುವಾಗ "ವಾಹನ ಕಳವಾಗಿದೆ" ಎಂದು ಮಾತ್ರ ಬರೆಯಬೇಡಿ. ಸುಳ್ಳು ದೂರು ಹೊಸ ಪ್ರಕರಣವಾಗಿ ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ. ಮಾರಿದ್ದೇನೆ, ವರ್ಗಾವಣೆ ಆಗಿಲ್ಲ, ದಾಖಲೆ ಇಲ್ಲಿದೆ ಎಂದು ಇದ್ದದ್ದನ್ನು ಬರೆಯಿರಿ.

ಮೊದಲು ಹೇಳಿದ ನಮ್ಮ ಬಳಗದವರು ಹೀಗೇ ಮಾಡಿದರು. ದಂಡದ ಫೋಟೋದಲ್ಲಿ ಸ್ಕೂಟರಿನ ಹಿಂದೆ ಒಂದು ಬೇಕರಿಯ ಬೋರ್ಡು ಕಾಣುತ್ತಿತ್ತು. ಆ ಬೇಕರಿ ಹುಡುಕಿಕೊಂಡು ಹೋದರೆ ಸ್ಕೂಟರ್ ಅದರ ಮುಂದೆಯೇ ನಿಂತಿತ್ತು. ಮೂರನೆಯ ಮಾಲೀಕರಾದ ಆ ಬೇಕರಿಯವರಿಗೆ ವರ್ಗಾವಣೆ ಆಗಿಲ್ಲ ಎಂಬುದು ಗೊತ್ತಿತ್ತು, ಮೊದಲ ಮಾಲೀಕರು ಯಾರೆಂಬುದು ಮಾತ್ರ ಗೊತ್ತಿರಲಿಲ್ಲ. ಇಬ್ಬರೂ ಅಲ್ಲೇ ಟೇಬಲ್ ಮೇಲೆ ಫಾರ್ಮಿಗೆ ಸಹಿ ಹಾಕಿದರು. ಹೊಸ ಆರ್‌ಸಿ ಬರಲು ಮೂರು ವಾರ ಹಿಡಿಯಿತು.